ಬೇವಿನ ಮರದಡಿ ನನ್ನ ಆಗ್ರಹ

ಎರಡು ಸಲ ಗೆದ್ದು ಮೂರನೆಯ ಸಲ ಸೋತ ಶಾಸಕಿ ನಾನು. ಸೋತವರು ದೆಹಲಿಗೆ ಹೋದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಮುಂದಿನ ಟಿಕೆಟ್ಟಿಗೆ ಈಗಲೇ ಟವೆಲ್ ಹಾಕಲು ಹೋಗಿದ್ದಾರೆ ಎಂದು. ನಾನು ಬಂದದ್ದು ಮಗಳ ಮನೆಗೆ. ಇದನ್ನು ನಂಬುವವರು ನನ್ನ ಕ್ಷೇತ್ರದಲ್ಲಿ ಇವತ್ತಿಗೂ ಒಬ್ಬರೂ ಸಿಕ್ಕಿಲ್ಲ.

ಮಗಳು ಇಲ್ಲಿ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಆರ್.ಕೆ.ಪುರಂನಲ್ಲಿ ಸರ್ಕಾರಿ ಕ್ವಾರ್ಟರ್ಸ್, ಮೊದಲ ಮಹಡಿ, ಎರಡು ಕೋಣೆ, ಪಾರ್ಕಿನ ಕಡೆಗೆ ಒಂದು ಬಾಲ್ಕನಿ. ಅಳಿಯನಿಗೆ ಬೇರೆ ರಾಜ್ಯದಲ್ಲಿ ಪೋಸ್ಟಿಂಗ್. ಮೊಮ್ಮಗಳು ಒಂಬತ್ತನೆಯ ಕ್ಲಾಸು. ಒಂದು ಚಳಿಗಾಲ ಇದ್ದು ಹೋಗು ಎಂದು ಮಗಳು ಕರೆದಳು. ಆ ಚಳಿಗಾಲ ಮುಗಿದು ಇನ್ನೊಂದು ಬಂದಿದೆ, ನಾನು ಇನ್ನೂ ಹೋಗಿಲ್ಲ. ಊರಿನಿಂದ ಫೋನ್ ಮಾಡುವ ಕಾರ್ಯಕರ್ತರು ಹೈಕಮಾಂಡ್ ಏನಂತಾರೆ ಅಕ್ಕಾ ಎಂದು ಗುಟ್ಟಾಗಿ ಕೇಳುತ್ತಾರೆ. ಹೈಕಮಾಂಡ್ ಗಣಿತದಲ್ಲಿ ವೀಕು, ಟ್ಯೂಷನ್ನಿಗೆ ಹಾಕಿದ್ದೇವೆ ಎಂದರೆ ಅದರಲ್ಲೂ ಏನೋ ಒಳಾರ್ಥ ಇದೆಯೆಂದು ಯೋಚಿಸುತ್ತಾ ಫೋನ್ ಇಡುತ್ತಾರೆ.

ಇಲ್ಲಿಗೆ ಬಂದ ಮೊದಲ ತಿಂಗಳು ಮಾತ್ರ ಕಷ್ಟವಾಯಿತು. ಹತ್ತು ವರ್ಷದ ಅಭ್ಯಾಸ, ಬೆಳಗ್ಗೆ ಐದೂವರೆಗೆ ಸ್ನಾನ ಮುಗಿಸಿ, ಗಂಜಿ ಹಾಕಿದ ಸೀರೆ ಉಟ್ಟು, ಮುಂದಿನ ಕೋಣೆಯಲ್ಲಿ ಬಂದು ಕೂರುತ್ತಿದ್ದೆ. ಊರಿನಲ್ಲಾದರೆ ಅಷ್ಟು ಹೊತ್ತಿಗೆ ಅಂಗಳದ ತುಂಬ ಜನ. ರೇಷನ್ ಕಾರ್ಡ್ ಆಗಿಲ್ಲದವರು, ವರ್ಗಾವಣೆ ಬೇಕಾದವರು, ವರ್ಗಾವಣೆ ಬೇಡವಾದವರು, ಬದುವಿಗೆ ಜಗಳವಾಡಿಕೊಂಡ ಅಣ್ಣತಮ್ಮಂದಿರು, ಸುಮ್ಮನೆ ಮುಖ ತೋರಿಸಿ ಹೋಗುವವರು. ಇಲ್ಲಿ ಹಾಲಿನ ಪ್ಯಾಕೆಟ್ ಬರುತ್ತಿತ್ತು, ಪೇಪರ್ ಬರುತ್ತಿತ್ತು, ಆಮೇಲೆ ಯಾರೂ ಬರುತ್ತಿರಲಿಲ್ಲ. ಮಗಳು ಕಾಫಿ ತಂದುಕೊಟ್ಟು, ಯಾರಿಗೆ ಕಾಯ್ತಿದ್ದೀಯಮ್ಮ ಎನ್ನುವಳು. ಒಂದು ದಿನ ಆ ಕಾಫಿ ಕುಡಿಯುತ್ತಾ ನಾಲಿಗೆ ಸುಟ್ಟುಕೊಂಡೆ. ಆಗ ಹೊಳೆಯಿತು, ಹತ್ತು ವರ್ಷದಲ್ಲಿ ನಾನು ಬೆಳಗಿನ ಕಾಫಿಯನ್ನು ಬಿಸಿಯಾಗಿ ಕುಡಿದೇ ಇರಲಿಲ್ಲ. ಪ್ರತಿ ಸಲ ಯಾರದೋ ಅರ್ಜಿ ಓದಿ ಮುಗಿಸುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ಅವತ್ತಿನಿಂದ ಈ ಮನೆ ನನಗೆ ಹಿಡಿಸತೊಡಗಿತು.

ಮಧ್ಯಾಹ್ನ ಪಾರ್ಕಿನಲ್ಲಿ ಬಿಸಿಲಿಗೆ ಕೂರುವ ಹೆಂಗಸರ ಗುಂಪೊಂದಿದೆ. ಬಟಾಣಿ ಸುಲಿಯುತ್ತಾರೆ, ಸ್ವೆಟರ್ ಹೆಣೆಯುತ್ತಾರೆ, ಸೊಸೆಯರ ಬಗ್ಗೆ ಮಾತಾಡುತ್ತಾರೆ. ನಾನೂ ಸೇರಿಕೊಂಡೆ. ಹಿಂದಿ ನನಗೆ ಯಾರೂ ಕಲಿಸಿದ್ದಲ್ಲ. ಕನ್ನಡದ ದೊಡ್ಡ ದೊಡ್ಡ ಪದಗಳ ಬಾಲಕ್ಕೆ ಒಂದು 'ಹೈ' ಕಟ್ಟಿದರೆ ಅದು ಹಿಂದಿಯಾಗುತ್ತದೆ ಎನ್ನುವುದು ನನ್ನ ನಂಬಿಕೆ, ಮತ್ತು ನೂರಕ್ಕೆ ಎಂಬತ್ತು ಸಲ ಅದು ಸರಿಯೂ ಆಗುತ್ತದೆ. ಉಳಿದ ಇಪ್ಪತ್ತು ಸಲದ್ದೇ ತೊಂದರೆ. ಮೊದಲ ದಿನ ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಮೈಂ ಶಾಸಕ್ ಥೀ ಎಂದೆ. ಎಲ್ಲರೂ ಬಟಾಣಿ ಬಿಟ್ಟು ನನ್ನ ಮುಖ ನೋಡಿದರು. ಒಬ್ಬಾಕೆ, ಮನೆಯಲ್ಲಿ ನಾವೆಲ್ಲರೂ ಅದೇ ತಾನೇ ಎಂದು ನಕ್ಕಳು. ಶಾಸಕ್ ಎಂದರೆ ಇವರ ಭಾಷೆಯಲ್ಲಿ ಆಳುವ ದೊರೆ ಎಂದು ಆಮೇಲೆ ತಿಳಿಯಿತು. ವಿಧಾಯಕ್ ಎನ್ನಬೇಕಿತ್ತಂತೆ. ಇನ್ನೊಂದು ದಿನ, ನಾನು ಕಾಲೇಜುಗಳಲ್ಲಿ ಬಹಳ ಉಪನ್ಯಾಸ ಕೊಟ್ಟಿದ್ದೇನೆ ಎಂದು ಹೇಳಿಕೊಂಡೆ. ಮಾರನೆಯ ದಿನ ಅವರಲ್ಲೊಬ್ಬರು ನೀವು ಬರೆದ ಕಾದಂಬರಿ ಒಂದಾದರೂ ಓದಲು ಕೊಡಿ ಎಂದು ಕೇಳಿದರು. ಇವರ ಹಿಂದಿಯಲ್ಲಿ ಉಪನ್ಯಾಸ್ ಎಂದರೆ ಕಾದಂಬರಿಯಂತೆ. ಮೊಮ್ಮಗಳು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಕೋಪ ಬಂತು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಕ್ಷೇತ್ರಕ್ಕೆಲ್ಲ ಗೊತ್ತು.

ಆ ಕೋಪದಿಂದಲೇ ನಾನು ಶಾಸಕಿಯಾದೆ ಎಂದರೂ ತಪ್ಪಿಲ್ಲ. ಗ್ರಾಮ ಪಂಚಾಯಿತಿಯ ಸೀಟು ಮಹಿಳೆಯರಿಗೆ ಮೀಸಲಾದಾಗ ಊರಿನ ಗಂಡಸರು ಬಂದು, ಮೇಷ್ಟ್ರ ಹೆಂಡತಿ, ಜಗಳವಾಡೋಕೆ ಗೊತ್ತು, ಸಾಕು ಎಂದು ನಿಲ್ಲಿಸಿದರು. ಅಲ್ಲಿಂದ ಜಿಲ್ಲಾ ಪಂಚಾಯಿತಿ. ವಿಧಾನಸಭೆಯ ಟಿಕೆಟ್ ನನಗೆ ಸಿಕ್ಕಿದ್ದು ಇಬ್ಬರು ಘಟಾನುಘಟಿಗಳು ಒಬ್ಬರ ಕಾಲನ್ನೊಬ್ಬರು ಎಳೆದುಕೊಂಡು ಇಬ್ಬರೂ ಕೆಳಗೆ ಬಿದ್ದಿದ್ದರಿಂದ. ಇವಳನ್ನು ಗೆಲ್ಲಿಸಿದರೆ ಹೇಳಿದಲ್ಲಿ ಸಹಿ ಹಾಕಿಕೊಂಡು ಇರುತ್ತಾಳೆ ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಆ ಲೆಕ್ಕ ಮೊದಲ ಅಧಿವೇಶನದಲ್ಲೇ ತಪ್ಪಿತು.

ಅದಕ್ಕೆ ಕಾರಣ ನನ್ನ ಯಜಮಾನರು. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಸದನದಲ್ಲಿ ಮಾತಾಡಲು ನನಗೆ ಮೊದಲ ಬಾರಿ ಐದು ನಿಮಿಷ ಸಿಕ್ಕಿತ್ತು. ಹಿಂದಿನ ದಿನ ನಾನೇ ಕೂತು ಎರಡು ಪುಟ ಬರೆದಿದ್ದೆ. ನಮ್ಮ ಆಸ್ಪತ್ರೆಗೆ ಹೆರಿಗೆ ಡಾಕ್ಟರನ್ನು ಕೊಡಬೇಕೆಂದು ಸನ್ಮಾನ್ಯ ಸಚಿವರಲ್ಲಿ ವಿನಂತಿಸಿಕೊಳ್ಳುತ್ತೇನೆ ಎಂದು ಬರೆದದ್ದನ್ನು ಅವರು ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಮಕ್ಕಳ ಕಾಪಿ ತಿದ್ದುವ ಹಾಗೆ 'ವಿನಂತಿಸಿಕೊಳ್ಳುತ್ತೇನೆ'ಯನ್ನು ಹೊಡೆದುಹಾಕಿ ಮೇಲೆ 'ಆಗ್ರಹಿಸುತ್ತೇನೆ' ಎಂದು ಬರೆದರು.

"ನಿನಗೋಸ್ಕರ ಕೇಳೋವಾಗ ಬೇಕಾದ್ರೆ ಬೇಡ್ಕೋ," ಎಂದರು. "ಜನಗಳ ಪರವಾಗಿ ಬೇಡೋ ಅಧಿಕಾರ ನಿನಗೆ ಯಾರೂ ಕೊಟ್ಟಿಲ್ಲ."

ಆ ಮಾತು ನನ್ನ ಎದೆಗೆ ಇಳಿಯಿತು. ಮಾರನೆಯ ದಿನ ಹಿಂದಿನ ಸಾಲಿನಲ್ಲಿ ಎದ್ದು ನಿಂತು, ಬೆರಳೆತ್ತಿ, ಮೂರು ಸಲ ಆಗ್ರಹಿಸಿದೆ. ಸಭಾಧ್ಯಕ್ಷರು ಸ್ವಲ್ಪ ನಿಧಾನ ಎಂದರು. ನಿಧಾನ ಮಾಡಲಿಲ್ಲ. ಪೇಪರಿನಲ್ಲಿ 'ಶಾಸಕಿ ಆಗ್ರಹ' ಎಂದು ಬಂತು. ಆಮೇಲಿನ ಹತ್ತು ವರ್ಷ ನನ್ನ ಸುದ್ದಿಗೆ ಪತ್ರಿಕೆಯವರು ಬೇರೆ ತಲೆಬರಹ ಹುಡುಕಲೇ ಇಲ್ಲ. ಕೆರೆ ಹೂಳಿಗೆ ಆಗ್ರಹ, ಹಾಸ್ಟೆಲಿಗೆ ಆಗ್ರಹ, ಕರೆಂಟಿಗೆ ಆಗ್ರಹ. ಸದನದ ಮೊಗಸಾಲೆಯಲ್ಲಿ ಹಿರಿಯರು ನನ್ನನ್ನು ನೋಡಿ ಆಗ್ರಹದಕ್ಕ ಬಂದಳು, ದಾರಿ ಬಿಡ್ರಪ್ಪಾ ಎಂದು ತಮಾಷೆ ಮಾಡುತ್ತಿದ್ದರು. ಯಜಮಾನರು ಪ್ರತಿ ತುಣುಕನ್ನೂ ಕತ್ತರಿಸಿ ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿದರು. ಎರಡನೆಯ ಅವಧಿಯ ಮಧ್ಯದಲ್ಲಿ ಅವರು ತೀರಿಕೊಂಡರು. ಆ ಮೇಲೂ ನಾನು ಕೈಮುಗಿದದ್ದು ವೋಟು ಕೇಳುವಾಗ ಮಾತ್ರ. ಸರ್ಕಾರದ ಎದುರು ಎಂದೂ ಇಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ, ಈ ಚಳಿಗಾಲದ ಆರಂಭದಲ್ಲಿ ಒಂದು ಬೆಳಗ್ಗೆ ಆರು ಗಂಟೆಗೆ ಕಾಲಿಂಗ್ ಬೆಲ್ ಆಯಿತು. ನಮ್ಮ ಬ್ಲಾಕಿನ ಮೂಲೆಯ ಬೇವಿನ ಮರದ ಕೆಳಗೆ ಇಸ್ತ್ರಿ ಮಾಡುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ನಲವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಅಂಗೈ ಕಲ್ಲಿನಷ್ಟು ಗಟ್ಟಿ. ದಿನಾ ಸಂಜೆ ಮನೆ ಮನೆಯಿಂದ ಬಟ್ಟೆಯ ಗಂಟು ಒಯ್ದು, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜಿ, ಮಾರನೆಯ ದಿನ ಮಡಿಸಿ ತಂದುಕೊಡುವವಳು. ಅವತ್ತು ಅವಳ ಕೈಯಲ್ಲಿ ಗಂಟು ಇರಲಿಲ್ಲ. ನೀವು ವಿಧಾಯಕ್ ಆಗಿದ್ದಿರಂತೆ ಎಂದಳು. ಒಳಗೆ ಕರೆದು ಕೂರಿಸಿದೆ.

ಅವಳು ಹೇಳಿದ್ದು ಇಷ್ಟು. ಕಾಲೊನಿಯಲ್ಲಿ ಕಾರುಗಳು ಹೆಚ್ಚಾಗಿವೆ. ನಿವಾಸಿಗಳ ಸಂಘದವರು ಬೇವಿನ ಮರದ ಕೆಳಗಿನ ಜಾಗವನ್ನು ಪಾರ್ಕಿಂಗಿಗೆ ಮಾಡಬೇಕೆಂದಿದ್ದಾರೆ. ಬರುವ ಭಾನುವಾರ ಮೀಟಿಂಗಿನಲ್ಲಿ ಅದನ್ನು ಪಾಸ್ ಮಾಡುತ್ತಾರೆ. ಅವಳ ಮೇಜು ಅಲ್ಲಿಂದ ಏಳಬೇಕು. ಆ ಮೇಜು ಅಲ್ಲಿಗೆ ಬಂದದ್ದು ಅವಳ ಅತ್ತೆಯ ಕಾಲದಲ್ಲಿ. ದೊಡ್ಡ ರಸ್ತೆಗೆ ಹೋಗು ಎನ್ನುತ್ತಾರೆ, ಆದರೆ ರಸ್ತೆಯ ಒಂದೊಂದು ಮರಕ್ಕೂ ಒಬ್ಬೊಬ್ಬ ಇಸ್ತ್ರಿಯವನು ಆಗಲೇ ಇದ್ದಾನೆ. ಈ ಎಂಟು ಬ್ಲಾಕುಗಳ ಬಟ್ಟೆ ಬಿಟ್ಟರೆ ಅವಳಿಗೆ ಬೇರೆ ಜೀವನವಿಲ್ಲ. ಅಳಲಿಲ್ಲ, ಗೋಗರೆಯಲಿಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡುತ್ತಾ ಕೂತಳು.

ಜಾಗಕ್ಕೆ ಕಾಗದ ಏನಾದರೂ ಇದೆಯಾ ಎಂದು ಕೇಳಿದೆ. ಇಲ್ಲ. ಯಾರಾದರೂ ಬರೆದುಕೊಟ್ಟಿದ್ದಾರಾ. ಇಲ್ಲ. ಕಾನೂನಿನಲ್ಲಿ ಅವಳ ಕಾಲ ಕೆಳಗೆ ನೆಲವೇ ಇರಲಿಲ್ಲ. ನನಗೆ ಅವಳ ಬಗ್ಗೆ ಮರುಕ ಬಂತು, ನಿಜ. ಆದರೆ ಮುಚ್ಚಿಡುವುದೇಕೆ, ಅದಕ್ಕಿಂತ ಮೊದಲು ಸಂತೋಷ ಬಂತು. ಒಂದು ವರ್ಷದ ನಂತರ ಬೆಳಗ್ಗೆ ಆರಕ್ಕೆ ನನ್ನ ಮುಂದೆ ಒಂದು ಅಹವಾಲು ಬಂದು ಕೂತಿತ್ತು. ಕಾಫಿ ತಣ್ಣಗಾದದ್ದು ಗೊತ್ತೇ ಆಗಲಿಲ್ಲ.

ಮಗಳು ಹಣೆ ಚಚ್ಚಿಕೊಂಡಳು. ಸಂಘದ ಕಾರ್ಯದರ್ಶಿ ಇನ್ನೇನು ನಿವೃತ್ತಿಯಾಗಲಿರುವ ಹಿರಿಯ ಅಧಿಕಾರಿ, ಅವರೊಡನೆ ಜಗಳವಾಡಿ ನನ್ನ ಮಾನ ಕಳೆಯಬೇಡ ಎಂದಳು.

"ಅಮ್ಮಾ, ಇದು ನಿನ್ನ ಕ್ಷೇತ್ರ ಅಲ್ಲ."

ಕ್ಷೇತ್ರ ಎನ್ನುವುದು ಗೆದ್ದವರ ಸೊತ್ತಲ್ಲ, ಕೆಲಸ ಇರುವವರ ಸೊತ್ತು ಎಂದು ನಾನು ಭಾಷಣದ ಧಾಟಿಯಲ್ಲಿ ಹೇಳಿದೆ. ಅವಳು ಟಿಫಿನ್ ಡಬ್ಬಿ ಎತ್ತಿಕೊಂಡು ಆಫೀಸಿಗೆ ಹೋದಳು.

ನಾಲ್ಕು ದಿನ ಎಂಟು ಬ್ಲಾಕು ಸುತ್ತಿದೆ. ಚುನಾವಣೆಯಲ್ಲಿ ಹೇಗೆ ಮನೆ ಮನೆ ಹತ್ತಿಳಿಯುತ್ತಿದ್ದೆನೋ ಹಾಗೆಯೇ, ಕೈಯಲ್ಲಿ ಮೊಮ್ಮಗಳ ಹಳೆಯ ನೋಟ್‌ಬುಕ್. ನಿಮ್ಮ ಮನೆಯ ಬಟ್ಟೆ ಯಾರು ಇಸ್ತ್ರಿ ಮಾಡುತ್ತಾರೆ, ಎಷ್ಟು ವರ್ಷದಿಂದ, ಒಂದಾದರೂ ಕಳೆದಿದೆಯಾ. ಒಬ್ಬರ ಮನೆಯಲ್ಲೂ ಒಂದು ಕರ್ಚೀಫೂ ಕಳೆದಿರಲಿಲ್ಲ. ಕಾರ್ಯದರ್ಶಿಯವರ ಪ್ಯಾಂಟುಗಳೂ ಅದೇ ಮೇಜಿನ ಮೇಲೆ ಗರಿಗರಿಯಾಗುತ್ತಿದ್ದವು. ಇದನ್ನು ನಾನು ಕೆಂಪು ಗೆರೆ ಎಳೆದು ಬರೆದುಕೊಂಡೆ, ಬೇಕಾದಾಗ ಎಸೆಯಲು. ಮೊಣಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಹುಡುಗಿಯ ಹಾಗಿತ್ತು. ಭಾಷಣವನ್ನು ಕನ್ನಡದಲ್ಲಿ ಬರೆದು ನಾನೇ ಹಿಂದಿ ಮಾಡಿಕೊಂಡೆ. ಮೊಮ್ಮಗಳು ಒಂದ್ಸಲ ನೋಡ್ತೀನಿ ಕೊಡಿ ಅಜ್ಜಿ ಎಂದರೆ ಕೊಡಲಿಲ್ಲ. ಕಾದಂಬರಿ ಎಂದು ನಕ್ಕವಳು ಅವಳೇ ತಾನೇ.

ಭಾನುವಾರ ಹನ್ನೊಂದು ಗಂಟೆಗೆ ಪಾರ್ಕಿನ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಚಹಾ, ಮಠ್ಠಿ ಎನ್ನುವ ಕರಿದ ತಿಂಡಿ, ಕಡಲೆಕಾಯಿ. ಮೂವತ್ತು ನಲವತ್ತು ಜನ, ಮಫ್ಲರು, ಕೋಟು. ಇಸ್ತ್ರಿಯವಳು ದೂರದಲ್ಲಿ ತನ್ನ ಮೇಜಿನ ಪಕ್ಕ ನಿಂತು ನೋಡುತ್ತಿದ್ದಳು. ಹತ್ತಿರ ಬಾ ಎಂದು ಸನ್ನೆ ಮಾಡಿದರೂ ಬರಲಿಲ್ಲ. ಕಾರ್ಯದರ್ಶಿ ಫೈಲ್ ಬಿಡಿಸಿಕೊಂಡು ನೀರಿನ ಟ್ಯಾಂಕ್ ತೊಳೆಸುವ ವಿಷಯ ಮುಗಿಸಿದರು, ಕೋತಿಗಳ ವಿಷಯಕ್ಕೆ ಅರ್ಧ ಗಂಟೆ ಹೋಯಿತು. ಆಮೇಲೆ ಬೇವಿನ ಮರ. ಅವರು ಒಳ್ಳೆಯ ಮನುಷ್ಯ, ಮೆದು ಮಾತು. ಪಾಪ, ಅವಳಿಗೆ ತೊಂದರೆಯಾಗುತ್ತದೆ, ಆದರೆ ಕಾರು ನಿಲ್ಲಿಸಲು ಜಾಗವಿಲ್ಲವಲ್ಲ ಎಂದು ಶುರು ಮಾಡಿದರು. ತಲೆಗಳು ಆಡಿದವು. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ, ಅದೇ ಅಪಾಯ ಎಂದು ನನಗೆ ಅನುಭವದಿಂದ ಗೊತ್ತಿತ್ತು. ಸಿಟ್ಟಿಲ್ಲದೆ ಮಾಡಿದ ಠರಾವು ಯಾರ ನಿದ್ದೆಯನ್ನೂ ಕೆಡಿಸದೆ ಪಾಸಾಗುತ್ತದೆ.

ಎದ್ದು ನಿಂತೆ. ಮಾನ್ಯ ಅಧ್ಯಕ್ಷ್ ಮಹೋದಯ್ ಎಂದೆ. ಅಲ್ಲಿ ಅಧ್ಯಕ್ಷರೇ ಇರಲಿಲ್ಲ, ಅವರು ಮೊಮ್ಮಗನ ಮುಂಡನಕ್ಕೆ ಊರಿಗೆ ಹೋಗಿದ್ದರು. ಪರವಾಗಿಲ್ಲ ಎಂದು ಮುಂದುವರಿಸಿದೆ. ಆ ಹೆಂಗಸಿನ ಅತ್ತೆಯಿಂದ ಹಿಡಿದು ಕರ್ಚೀಫಿನವರೆಗೆ ಎಲ್ಲ ಹೇಳಿ, ಹಳೆಯ ಅಭ್ಯಾಸದಂತೆ ಬಲಗೈ ಬೆರಳೆತ್ತಿ, ದನಿ ಏರಿಸಿ, "ಇಸ್ ಜಗಹ್ ಕೋ ಇಸೀ ಮಹಿಳಾ ಕೇ ಪಾಸ್ ರಖನೇ ಕಾ ಮೈಂ ಆಗ್ರಹ್ ಕರ್ತೀ ಹೂಂ," ಎಂದೆ. ಈ ಜಾಗ ಈ ಹೆಂಗಸಿನ ಬಳಿಯೇ ಇರಬೇಕೆಂದು ಆಗ್ರಹಿಸುತ್ತೇನೆ ಎಂದು. ಯಾರೋ ಕಡಲೆಕಾಯಿ ಒಡೆಯುವುದನ್ನು ನಿಲ್ಲಿಸಿದರು. ಇನ್ನೂ ಜೋರಾಗಿ ಎರಡನೆಯ ಸಲ ಆಗ್ರಹಿಸಿದೆ. ಮುದುಕರೊಬ್ಬರು ಕಿವಿಯ ಮೇಲಿನ ಮಫ್ಲರ್ ಸರಿಸಿ ನನ್ನನ್ನೇ ನೋಡಿದರು. ಮೂರನೆಯ ಸಲ ನನ್ನ ದನಿ ಎದುರಿನ ಬ್ಲಾಕಿಗೆ ಬಡಿದು ವಾಪಸ್ ಬಂತು.

ಕಾರ್ಯದರ್ಶಿ ಎದ್ದು ನಿಂತು ಎರಡೂ ಕೈ ಜೋಡಿಸಿದರು. "ಮಾತಾಜೀ, ಬೈಠಿಯೇ. ಆಪ್ ಇತ್ನಾ ಆಗ್ರಹ್ ಕರ್ ರಹೀ ಹೈಂ, ಹಮ್ ಕೈಸೇ ಟಾಲೇಂ?"

ನೀವು ಇಷ್ಟೊಂದು ಹೇಳುವಾಗ ನಿಮ್ಮ ಮಾತನ್ನು ನಾವು ಹೇಗೆ ತೆಗೆದುಹಾಕುವುದು ಎಂದು. ಯಾರಿಗಾದರೂ ವಿರೋಧವಿದೆಯೇ ಎಂದು ಅವರು ಸುತ್ತ ನೋಡಿದರು. ಒಬ್ಬರೂ ಇಲ್ಲ. ಮೇಜು ಅಲ್ಲೇ ಇರಲಿ, ಕಾರುಗಳನ್ನು ಗೇಟಿನ ಆಚೆ ಬದಿಗೆ ನಿಲ್ಲಿಸೋಣ ಎಂದು ಬರೆದುಕೊಂಡರು. ಎಲ್ಲರೂ ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು. ಒಬ್ಬ ಹೆಂಗಸು ನನಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟಳು. ಪ್ಯಾಂಟಿನ ಅಸ್ತ್ರ ನನ್ನ ನೋಟ್‌ಬುಕ್ಕಿನಲ್ಲೇ ಉಳಿಯಿತು. ಹತ್ತು ವರ್ಷ ಸದನದಲ್ಲಿ ಕೂಗಿದವಳಿಗೆ ಒಂದೇ ಒಂದು ಸಲವೂ ಹೀಗೆ ಆಗಿರಲಿಲ್ಲ. ನನ್ನ ದನಿಗೆ ದೆಹಲಿ ನಡುಗಿತು ಎಂದೇ ನಾನು ತಿಳಿದೆ.

ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಆದದ್ದನ್ನು ಬೆರಳೆತ್ತಿ ಅಭಿನಯಿಸಿ ತೋರಿಸಿದೆ. ಮಗಳು ನಗು ತಡೆದುಕೊಳ್ಳಲು ಅಡುಗೆಮನೆಗೆ ಹೋದಳು. ಮೊಮ್ಮಗಳು ತಡೆದುಕೊಳ್ಳಲಿಲ್ಲ.

"ಅಜ್ಜಿ, ಆಗ್ರಹ್ ಮತ್ಲಬ್ ಡಿಮಾಂಡ್ ಅಲ್ಲ. ಆಪ್‌ನೇ ತೋ ರಿಕ್ವೆಸ್ಟ್ ಮಾಡಿದ್ರಿ. ಬಹುತ್ ಪ್ಯಾರ್ ಸೇ."

ನಾನು ನಂಬಲಿಲ್ಲ. ಮಗಳನ್ನು ಕರೆದೆ. ಅವಳು ಕೈ ಒರೆಸಿಕೊಳ್ಳುತ್ತಾ ಬಂದು, ಹಿಂದಿಯಲ್ಲಿ ಹಾಗೇ ಅಮ್ಮಾ ಎಂದು ಬಿಡಿಸಿ ಹೇಳಿದಳು. ಊಟಕ್ಕೆ ಕೂತ ನೆಂಟರಿಗೆ ಬೇಡ ಬೇಡ ಎಂದರೂ ಇನ್ನೊಂದು ಚಪಾತಿ ಹಾಕಿಸಿಕೊಳ್ಳಿ ಅಂತ ಒತ್ತಾಯ ಮಾಡುತ್ತೇವಲ್ಲ, ಅದು ಆಗ್ರಹ. ಮದುವೆ ಕಾಗದದಲ್ಲಿ ತಾವು ಬರಲೇಬೇಕು ಎಂದು ಬರೆಯುತ್ತಾರಲ್ಲ, ಅದು ಆಗ್ರಹ. ಅಂದರೆ ನಾನು ಅಷ್ಟು ಜನರ ಮುಂದೆ ಕಣ್ಣು ಕೆಕ್ಕರಿಸಿ, ಬೆರಳು ಆಡಿಸಿ, ಗುಡುಗಿದ್ದು ಏನೆಂದರೆ, ದಯವಿಟ್ಟು ದಯವಿಟ್ಟು ದಯವಿಟ್ಟು. ಅವರು ಮುಗುಳ್ನಕ್ಕದ್ದು ಅದಕ್ಕೆ.

ನಗಬೇಕಿತ್ತು ನಾನು. ಬೇರೆ ಯಾವ ಪದವಾಗಿದ್ದರೂ ನಗುತ್ತಿದ್ದೆ. ಇದು ಯಜಮಾನರ ಪದ. ಕೆಂಪು ಪೆನ್ನಿನಿಂದ ಅವರು ಹೊಡೆದುಹಾಕಿದ್ದನ್ನೇ ನಾನು, ಅವರು ಬರೆದುಕೊಟ್ಟ ಪದವನ್ನೇ ಬಾಯಲ್ಲಿಟ್ಟುಕೊಂಡು, ಮೂರು ಸಲ ಮಾಡಿ ಬಂದಿದ್ದೆ. ಜನರ ಪರವಾಗಿ ಬೇಡಿ ಬಂದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ, ಅದರ ಮಾರನೆಯ ದಿನ ಕೆಳಗಿಳಿಯಲಿಲ್ಲ. ಪಾರ್ಕಿನಿಂದ ಹೆಂಗಸರು ಕೂಗಿ ಕರೆದರೂ ಬಾಲ್ಕನಿಗೆ ಹೋಗಲಿಲ್ಲ. ಮುಖ ಊದಿಸಿಕೊಂಡು ಕೂತವಳನ್ನು ಮೊಮ್ಮಗಳು ಸಾರಿ ಅಜ್ಜಿ ಎಂದು ಸುತ್ತಿ ಸುತ್ತಿ ಸೋತಳು.

ಮೂರನೆಯ ದಿನ ಪೆಟ್ಟಿಗೆಯಿಂದ ನನ್ನ ಹಳೆಯ ಲೆಟರ್‌ಹೆಡ್ ತೆಗೆದೆ. ಶಾಸಕಿ ಎನ್ನುವುದರ ಹಿಂದೆ 'ಮಾಜಿ' ಎಂದು ಪೆನ್ನಿನಲ್ಲಿ ಸೇರಿಸಿ, ಕಾರ್ಯದರ್ಶಿಯವರಿಗೆ ಪತ್ರ ಬರೆದೆ. ಭಾನುವಾರದ ಸಭೆಯಲ್ಲಿ ನಾನು ಮಾಡಿದ್ದು ವಿನಂತಿಯಲ್ಲ. ಆ ಮಹಿಳೆಯ ಹಕ್ಕಿನ ಬಗ್ಗೆ ನಾನು ಹೇಳಿದ್ದನ್ನು ಒತ್ತಾಯವೆಂದು ತಿದ್ದಿಕೊಂಡು, ಸಭೆಯ ನಡಾವಳಿಯಲ್ಲಿ ಹಾಗೆಯೇ ದಾಖಲಿಸಬೇಕು. ಮಗಳು ಓದಿ ಕುಸಿದು ಕೂತಳು.

"ಅಮ್ಮಾ, ಇದನ್ನ ಕೊಟ್ರೆ ಅವರು ಇನ್ನೊಂದು ಮೀಟಿಂಗ್ ಕರೀಬೇಕಾಗತ್ತೆ. ಹಕ್ಕು ಅಂದ್ರೆ ಕಾಗದ ತೋರಿಸಿ ಅಂತಾರೆ. ಅವಳ ಹತ್ರ ಏನಿದೆ?"

ಅದು ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಪತ್ರವನ್ನು ಮಡಿಸಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ. ಕೋಪ ಬಂದಾಗ ನಾನು ಹಾಗೇ. ಮಾನ ಮೊದಲು, ಉಳಿದದ್ದು ಆಮೇಲೆ.

ಕಾರ್ಯದರ್ಶಿಯವರ ಬ್ಲಾಕಿಗೆ ಹೋಗಲು ಬೇವಿನ ಮರವನ್ನು ದಾಟಬೇಕು. ಇಸ್ತ್ರಿಯವಳು ನನ್ನನ್ನು ನೋಡಿದ್ದೇ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಮೂರು ದಿನದಿಂದ ಕಾಣಲೇ ಇಲ್ಲ, ಮೈ ಹುಷಾರಿಲ್ಲವಾ ಎಂದಳು. ಕೂತೆ. ಅವಳಿಗಾದರೂ ನಿಜ ಹೇಳಬೇಕೆನ್ನಿಸಿತು. ನನಗೆ ಬರುವ ಹರಕು ಹಿಂದಿಯಲ್ಲಿ, ಆ ಪದದ ಎರಡು ಅರ್ಥವನ್ನೂ ಹೇಳಿ, ನಿನಗಾಗಿ ನಾನು ಹೋರಾಡಲಿಲ್ಲ, ಅಂಗಲಾಚಿದೆ, ಈಗ ಅದನ್ನು ಸರಿಮಾಡಲು ಹೋಗುತ್ತಿದ್ದೇನೆ ಎಂದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿಸಿಕೊಂಡಳು. ಅವಳಿಗೆ ಪೂರ್ತಿ ತಿಳಿಯಲಿಲ್ಲ ಎಂದು ಕಂಡಿತು. ಅದಕ್ಕೇ, ಹೋರಾಟವೆಂದರೆ ಏನೆಂದು ಗೊತ್ತಾಗಲಿ ಎಂದು, ನನ್ನ ಜೀವನದ ದೊಡ್ಡ ಗೆಲುವಿನ ಕಥೆ ಹೇಳಿದೆ.

ನನ್ನ ಕ್ಷೇತ್ರದ ಒಂದು ಮೂಲೆಯಲ್ಲಿ ನಾಲ್ಕು ಹಳ್ಳಿ. ಅಲ್ಲಿನ ಹೆಣ್ಣುಮಕ್ಕಳು ಪಿಯುಸಿ ಓದಲು ತಾಲ್ಲೂಕಿಗೆ ಬರಬೇಕು, ಬೆಳಗ್ಗೆ ಬಸ್ಸಿಲ್ಲ. ಹತ್ತನೆಯದು ಮುಗಿದರೆ ಮದುವೆ. ನಾನು ಡಿಪೋ ಮುಂದೆ, ಏಪ್ರಿಲ್ ಬಿಸಿಲಿನಲ್ಲಿ, ಟಾರು ರಸ್ತೆಯ ಮೇಲೆ ಹನ್ನೊಂದು ದಿನ ಧರಣಿ ಕೂತೆ. ಮಾತಾಡೋಣ ಬನ್ನಿ ಎಂದು ಅಧಿಕಾರಿಗಳು ಮೂರು ಸಲ ಕರೆದರು, ಹೋಗಲಿಲ್ಲ. ಒಂದು ಮನವಿ ಬರೆದುಕೊಡಿ ಸಾಕು ಎಂದರು, ಕೊಡಲಿಲ್ಲ. ಹನ್ನೆರಡನೆಯ ದಿನ ಮಾವಿನೆಲೆ ಕಟ್ಟಿದ ಬಸ್ಸು ಹೊರಟಿತು. ಮೊದಲ ಸೀಟಿನಲ್ಲಿ ನಾನೇ ಕೂತಿದ್ದೆ. ಹುಡುಗಿಯರು ಕಿಟಕಿಯಿಂದ ಕೈ ಬೀಸುತ್ತಿದ್ದರು. ಜನ ಅದಕ್ಕೆ ಅಕ್ಕನ ಬಸ್ಸು ಎಂದೇ ಹೆಸರಿಟ್ಟರು. ಹೇಳುತ್ತಾ ಹೇಳುತ್ತಾ ನನ್ನ ಬೆನ್ನು ನೆಟ್ಟಗಾಯಿತು.

ಅವಳು ಕಣ್ಣು ಅರಳಿಸಿ ಕೇಳಿದಳು. ಆ ಹುಡುಗಿಯರ ಬಗ್ಗೆ ಕೇಳಿ ಅವಳಿಗೆ ನಿಜವಾಗಿ ಖುಷಿಯಾಗಿತ್ತು. ಆಮೇಲೆ ಕುತೂಹಲಕ್ಕೆ ಎಂಬಂತೆ ಕೇಳಿದಳು.

"ಅಬ್ ಭೀ ಚಲ್ತೀ ಹೈ?"

ಈಗಲೂ ಓಡುತ್ತಾ. ಸದನದಲ್ಲಿ ಎಷ್ಟೋ ಉಪಪ್ರಶ್ನೆಗಳನ್ನು ಕೇಳಿದವಳು ನಾನು, ಕೇಳಿಸಿಕೊಂಡವಳು ನಾನು. ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಇಲ್ಲ ಎಂದೆ. ನಾನು ಸೋತ ನಾಲ್ಕೇ ತಿಂಗಳಿಗೆ ನಿಂತಿತು. ಗೆದ್ದು ಬಂದ ಹೊಸಬರಿಗೆ ಅಕ್ಕನ ಬಸ್ಸು ಯಾಕೆ ಬೇಕು. ಡಿಪೋದವರೂ ನಾನು ಹೋಗುವುದನ್ನೇ ಕಾಯುತ್ತಿದ್ದರು. ನಿಲ್ಲಿಸಿದ ದಿನ ಊರಿನವರು ಒಬ್ಬರೂ ರಸ್ತೆಗೆ ಬರಲಿಲ್ಲ, ಅಕ್ಕ ಇದ್ದಿದ್ದರೆ ಎಂದು ನನಗೆ ಫೋನ್ ಮಾಡಿದರು. ನಾನು ಖಂಡಿಸಿ ಹೇಳಿಕೆ ಕೊಟ್ಟೆ.

ಅವಳು ಇಸ್ತ್ರಿಪೆಟ್ಟಿಗೆಯ ಬಿಸಿಯನ್ನು ನೋಡಿಕೊಂಡು, ನೀರು ಚಿಮುಕಿಸಿ, ಒಂದು ಬೂದು ಬಣ್ಣದ ಪ್ಯಾಂಟನ್ನು ಮೇಜಿನ ಮೇಲೆ ಹರಡಿದಳು. ಕಾರ್ಯದರ್ಶಿ ಸಾಹೇಬರದ್ದು ಎಂದಳು. ಬೆಳಗ್ಗೆ ಅವರೇ ಬಂದಿದ್ದರಂತೆ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಬರುತ್ತೆ, ಮೇಜನ್ನು ಸ್ವಲ್ಪ ಈ ಕಡೆಗೆ ಎಳೆದುಕೋ ಎಂದು ಹೇಳಿ, ತಾವೂ ಒಂದು ಕೈ ಹಾಕಿ ಎಳೆದೂ ಕೊಟ್ಟರಂತೆ. ನಿನ್ನೆ ಯಾರೋ ಹೊಸಬರು ಮರದ ಕೆಳಗೆ ಕಾರು ತಂದು ನಿಲ್ಲಿಸಿದಾಗ ಎರಡನೆಯ ಮಹಡಿಯ ಮುದುಕರು ಬಾಲ್ಕನಿಯಿಂದಲೇ ಬೈದು ತೆಗೆಸಿದರಂತೆ. ನಾನು ಬಾಯಿ ಬಿಡಲೇ ಇಲ್ಲ ಮಾತಾಜಿ, ನನಗೆ ಏನೂ ಮಾಡಬೇಕಾಗಿಯೇ ಬರಲಿಲ್ಲ ಎಂದಳು. ಆಮೇಲೆ, ಅದೇನು ಕಾಗದ ಕೈಯಲ್ಲಿ ಎಂದು ಕೇಳಿದಳು.

ಏನಿಲ್ಲ ಎಂದೆ. ಚಳಿಗಾಲದ ಬಿಸಿಲು ಹದವಾಗಿತ್ತು, ಸ್ವಲ್ಪ ಹೊತ್ತು ಅಲ್ಲೇ ಕೂತೆ. ಎಂಟು ಬ್ಲಾಕಿನಲ್ಲಿ ಆ ಜಾಗಕ್ಕೆ ಯಾರೂ ನನ್ನ ಹೆಸರಿಟ್ಟಿರಲಿಲ್ಲ. ಮೇಜು ಉಳಿಸಿದವರು ತಾವೇ ಎಂದು ಪ್ರತಿಯೊಬ್ಬರೂ ತಿಳಿದಿದ್ದರು, ಮತ್ತು ಅದು ನಿಜವೂ ಆಗಿತ್ತು. ನಾಳೆ ನಾನು ಊರಿಗೆ ಹೋದರೂ ಅವಳು ಅಲ್ಲೇ ಇರುತ್ತಾಳೆ. ನನ್ನ ಬಸ್ಸಿಗೆ ಹಾಗೆ ಬೈಯುವ ಮುದುಕರು ಒಬ್ಬರೂ ಇರಲಿಲ್ಲ, ಯಾಕೆಂದರೆ ಅದರಲ್ಲಿ ಯಾರಿಗೂ ಒಂದು ಕೈ ಹಾಕಲು ನಾನು ಬಿಟ್ಟಿರಲಿಲ್ಲ. ಆ ನಾಲ್ಕು ಹಳ್ಳಿಯ ಹುಡುಗಿಯರ ಮುಖ ನೆನಪಾಯಿತು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರ್ಯದರ್ಶಿಯವರ ಬ್ಲಾಕಿಗೆ ಹೋಗದೆ, ಬಂದ ದಾರಿಯಲ್ಲೇ ಮನೆಗೆ ಹೊರಟೆ.